ವೇಗೋತ್ಕರ್ಷದ ಲೆಕ್ಕ ಕಲಿಸಿದ ಮೇಷ್ಟ್ರು ಗೆಲಿಲಿಯೋ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಯಾರಾದರೂ ಒಬ್ಬ ಮಹನೀಯರ ಜೀವನವನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ಕವಿಗಳ ಬಗ್ಗೆ, ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ ಚೆನ್ನಾಗಿ ಬರೆಯುವವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ವಿಜ್ಞಾನದ ಮೇಷ್ಟ್ರು. ಸೇವೆಯಲ್ಲಿದ್ದಷ್ಟು ಕಾಲವೂ ಒಂಬತ್ತನೆಯ ತರಗತಿಗೆ ಚಲನೆಯ ಪಾಠ ಮಾಡಿದವನು. ಆದ್ದರಿಂದ ಆ ಪಾಠದ ಮೂಲಪುರುಷನ ಬಗ್ಗೆಯೇ ಬರೆಯುವುದು ನನಗೆ ಒಪ್ಪುವ ಕೆಲಸ ಎನ್ನಿಸಿತು.

ಈ ಪಾಠದಲ್ಲಿ ಮೂರು ಸಮೀಕರಣಗಳು ಬರುತ್ತವೆ. ವಿ ಈಕ್ವಲ್ ಟು ಯು ಪ್ಲಸ್ ಎಟಿ ಎಂಬುದು ಅದರಲ್ಲಿ ಮೊದಲನೆಯದು. ಭಂಡಿಗಡಿಯ ಹಳೆಯ ವಿದ್ಯಾರ್ಥಿಗಳಲ್ಲಿ ಯಾರನ್ನು ಕೇಳಿದರೂ ಈ ಸಾಲು ನಾಲಿಗೆಯ ತುದಿಯಲ್ಲಿರುತ್ತದೆ. ಅದರ ಅರ್ಥ ಕೇಳಿದರೆ ಮಾತ್ರ ಹಲವರು ನಕ್ಕು ಸುಮ್ಮನಾಗುತ್ತಾರೆ. ವಿಜ್ಞಾನ ನಮ್ಮಂಥ ಹಳ್ಳಿಯವರಿಗಲ್ಲ ಎಂದು ಎಷ್ಟೋ ಮಕ್ಕಳು ತೀರ್ಮಾನ ಮಾಡುವುದು ಇದೇ ಪಾಠದ ಹೊತ್ತಿಗೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆ ಸೇರುವಾಗ ವಿಜ್ಞಾನದ ಕಡೆ ತಲೆಹಾಕದ ಜಾಣ ಮಕ್ಕಳನ್ನು ನಾನು ಪ್ರತಿ ವರ್ಷ ಕಂಡಿದ್ದೇನೆ. ಈ ಸೂತ್ರವನ್ನು ಕಂಡುಕೊಳ್ಳಲು ಜಗತ್ತಿನ ದೊಡ್ಡ ಬುದ್ಧಿವಂತನೊಬ್ಬ ಎಷ್ಟು ವರ್ಷ ಒದ್ದಾಡಿದ, ಎಲ್ಲಿ ಎಡವಿದ, ಹೇಗೆ ಎದ್ದ ಎಂಬುದು ಗೊತ್ತಾದರೆ ಆ ಹೆದರಿಕೆ ಕಡಿಮೆಯಾದೀತು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸೂತ್ರದೊಳಗೆ ಇರುವುದೇನು?

ಜೀವನಚರಿತ್ರೆಗೆ ಹೋಗುವ ಮೊದಲು ಲೆಕ್ಕವನ್ನು ಒಮ್ಮೆ ನೋಡಿಬಿಡೋಣ. ಕೊಪ್ಪದ ನಿಲ್ದಾಣದಲ್ಲಿ ನಿಂತಿದ್ದ ಬಸ್ಸು ಹೊರಟಿತು ಎನ್ನಿ. 20 ಸೆಕೆಂಡಿನಲ್ಲಿ ಅದರ ವೇಗ ಗಂಟೆಗೆ 36 ಕಿಲೋಮೀಟರ್ ಆಯಿತು. ಎಂದರೆ ಸೆಕೆಂಡಿಗೆ 10 ಮೀಟರ್. ವೇಗ ಸೊನ್ನೆಯಿಂದ 10ಕ್ಕೆ ಏರಲು 20 ಸೆಕೆಂಡು ಹಿಡಿಯಿತು. ಹಾಗಾದರೆ ಪ್ರತಿ ಸೆಕೆಂಡಿಗೆ ವೇಗ ಏರಿದ್ದು ಅರ್ಧ ಮೀಟರಿನಷ್ಟು. ಇದೇ ವೇಗೋತ್ಕರ್ಷ. ಪ್ರತಿ ಸೆಕೆಂಡಿನಲ್ಲೂ ಈ ಏರಿಕೆ ಒಂದೇ ಸಮನಾಗಿದ್ದರೆ ಅದು ಏಕರೂಪ ವೇಗೋತ್ಕರ್ಷ. ಇಷ್ಟೇ ಮಾತನ್ನು ಮೊದಲನೆಯ ಸಮೀಕರಣ ಹೇಳುವುದು: ಕೊನೆಯ ವೇಗ ಬೇಕೆಂದರೆ ಮೊದಲಿದ್ದ ವೇಗಕ್ಕೆ, ಸೆಕೆಂಡಿನ ಏರಿಕೆಯನ್ನು ಸೆಕೆಂಡುಗಳಿಂದ ಗುಣಿಸಿ ಸೇರಿಸು.

ಬಸ್ಸು ಎಷ್ಟು ದೂರ ಹೋಯಿತು? ಮೊದಲು ವೇಗ ಸೊನ್ನೆ, ಕೊನೆಗೆ 10. ಒಂದೇ ಸಮನೆ ಏರಿದ್ದರಿಂದ ಸರಾಸರಿ ವೇಗ 5. 20 ಸೆಕೆಂಡಿಗೆ 100 ಮೀಟರ್. ಈಗ ಒಂದು ತಮಾಷೆ ನೋಡಿ. ಮೊದಲ 10 ಸೆಕೆಂಡಿನಲ್ಲಿ ಬಸ್ಸು ಹೋದದ್ದು 25 ಮೀಟರ್. ನಂತರದ 10 ಸೆಕೆಂಡಿನಲ್ಲಿ 75 ಮೀಟರ್. ಒಂದಕ್ಕೆ ಮೂರು. ಇನ್ನೂ 10 ಸೆಕೆಂಡು ಹೀಗೆಯೇ ಹೋದರೆ 125 ಮೀಟರ್, ಎಂದರೆ ಐದು ಪಾಲು. ಒಂದು, ಮೂರು, ಐದು, ಏಳು ಎಂದು ಬೆಸ ಸಂಖ್ಯೆಗಳು ಸಾಲಾಗಿ ಬರುತ್ತವೆ. ಅವುಗಳನ್ನು ಕೂಡುತ್ತ ಹೋದರೆ ಒಂದು, ನಾಲ್ಕು, ಒಂಬತ್ತು, ಹದಿನಾರು ಎಂಬ ವರ್ಗಗಳು. ಬೀಳುವ ಕಲ್ಲಿನಲ್ಲೂ ಈ ಬೆಸ ಸಂಖ್ಯೆಗಳು ಅಡಗಿವೆ ಎಂದು ಅಳೆದು ತೋರಿಸಿದವನು ಗೆಲಿಲಿಯೋ ಗೆಲಿಲಿ.

ತಂತಿವಾದ್ಯದ ಮನೆಯ ಹುಡುಗ

ಗೆಲಿಲಿಯೋ ಹುಟ್ಟಿದ್ದು 1564ರ ಫೆಬ್ರವರಿ 15ರಂದು, ಇಟಲಿಯ ಪೀಸಾ ಪಟ್ಟಣದಲ್ಲಿ. ತಂದೆ ವಿನ್ಸೆಂಜೋ ಸಂಗೀತಗಾರ. ಲ್ಯೂಟ್ ಎಂಬ ತಂತಿವಾದ್ಯ ನುಡಿಸುವುದರಲ್ಲಿ ಹೆಸರಾದವನು. ಹೆಸರಿತ್ತು, ಹಣವಿರಲಿಲ್ಲ. ಆದರೆ ಆ ಮನೆಯಲ್ಲಿ ಹಣಕ್ಕಿಂತ ದೊಡ್ಡದೊಂದು ಇತ್ತು. ಹಿರಿಯರು ಬರೆದಿಟ್ಟದ್ದನ್ನೂ ಪರೀಕ್ಷೆ ಮಾಡಿಯೇ ಒಪ್ಪುವ ಅಭ್ಯಾಸ. ತಂತಿಗೆ ಕಟ್ಟಿದ ತೂಕವನ್ನು ಎರಡು ಪಟ್ಟು ಮಾಡಿದರೆ ಸ್ವರ ಮೇಲಿನ ಷಡ್ಜಕ್ಕೆ ಏರುತ್ತದೆ ಎಂದು ಹಳೆಯ ಗ್ರಂಥಗಳು ಹೇಳುತ್ತಿದ್ದವು. ವಿನ್ಸೆಂಜೋ ತೂಕ ಕಟ್ಟಿ ನೋಡಿದ. ಎರಡು ಪಟ್ಟು ಸಾಲದು, ನಾಲ್ಕು ಪಟ್ಟು ಬೇಕು ಎಂದು ಕಂಡುಬಂತು. ಮಗ ಮುಂದೆ ಮಾಡಿದ ಕೆಲಸದ ಬೀಜ ಇಲ್ಲಿಯೇ ಬಿದ್ದಿತ್ತೆಂದು ನನಗೆ ಅನ್ನಿಸುತ್ತದೆ.

ಹಿರಿಯ ಮಗ ವೈದ್ಯನಾಗಿ ನಾಲ್ಕು ಕಾಸು ಸಂಪಾದಿಸಲಿ ಎಂಬುದು ತಂದೆಯ ಆಸೆ. ನಮ್ಮ ಮನೆಗಳ ಕಥೆಯೇ! 1581ರಲ್ಲಿ ಪೀಸಾ ವಿಶ್ವವಿದ್ಯಾಲಯಕ್ಕೆ ಹುಡುಗ ಸೇರಿದ. ಅಷ್ಟರಲ್ಲಿ ಓಸ್ತೀಲಿಯೋ ರಿಚ್ಚಿ ಎಂಬ ಗಣಿತಜ್ಞರ ಪಾಠ ಕಿವಿಗೆ ಬಿತ್ತು. ಯೂಕ್ಲಿಡನ ರೇಖಾಗಣಿತದ ರುಚಿ ಹತ್ತಿದ ಮೇಲೆ ವೈದ್ಯ ಪುಸ್ತಕ ರುಚಿಸಲಿಲ್ಲ. 1585ರಲ್ಲಿ ಪದವಿ ಪಡೆಯದೆಯೇ ಮನೆಗೆ ಮರಳಿದ. ಜಗತ್ತಿನ ಭೌತಶಾಸ್ತ್ರಕ್ಕೆ ತಳಪಾಯ ಹಾಕಿದವನ ಕೈಯಲ್ಲಿ ಡಿಗ್ರಿ ಸರ್ಟಿಫಿಕೇಟು ಇರಲಿಲ್ಲ ಎಂಬುದನ್ನು ನಮ್ಮ ಮಕ್ಕಳು ನೆನಪಿಡಬೇಕು. ಹಾಗೆಂದು ಅವನು ಓದು ಬಿಟ್ಟವನಲ್ಲ ಎಂಬುದನ್ನೂ ನೆನಪಿಡಬೇಕು. ಮನೆಪಾಠ ಹೇಳಿಕೊಂಡು ನಾಲ್ಕು ವರ್ಷ ಗಣಿತವನ್ನೇ ಓದಿದ. 1589ರಲ್ಲಿ, 25ರ ವಯಸ್ಸಿನಲ್ಲಿ, ತಾನು ಅರ್ಧಕ್ಕೆ ಬಿಟ್ಟ ಅದೇ ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕನಾದ. ಸಂಬಳ ವರ್ಷಕ್ಕೆ 60 ಸ್ಕೂಡಿ. ವೈದ್ಯಶಾಸ್ತ್ರ ಕಲಿಸುವವರ ಸಂಬಳದೆದುರು ಅದು ಚಿಲ್ಲರೆ.

ಪೀಸಾದ ವಾಲುಗೋಪುರದಿಂದ ಎರಡು ಗುಂಡುಗಳನ್ನು ಬೀಳಿಸಿದ ಕಥೆ ಎಲ್ಲರಿಗೂ ಗೊತ್ತು. ಅದನ್ನು ಬರೆದಿಟ್ಟವನು ಅವನ ಕೊನೆಗಾಲದ ಶಿಷ್ಯ ವಿವಿಯಾನಿ. ನಿಜವಾಗಿ ಹಾಗೆ ನಡೆಯಿತೋ ಇಲ್ಲವೋ ಎಂಬ ಚರ್ಚೆ ಇದೆ. ಗೋಪುರ ಹತ್ತದೆಯೂ ತಿಳಿಯುವ ಒಂದು ತರ್ಕವನ್ನು ಗೆಲಿಲಿಯೋ ಕೊಟ್ಟಿದ್ದಾನೆ. ಭಾರದ ಕಲ್ಲು ಬೇಗ, ಹಗುರ ಕಲ್ಲು ನಿಧಾನವಾಗಿ ಬೀಳುತ್ತದೆ ಎಂದು ಅರಿಸ್ಟಾಟಲನ ಮತ. ಸರಿ, ಎರಡನ್ನೂ ಒಂದು ಹಗ್ಗದಲ್ಲಿ ಕಟ್ಟಿ ಬಿಟ್ಟರೆ? ನಿಧಾನದ ಕಲ್ಲು ಬೇಗದ ಕಲ್ಲನ್ನು ಹಿಂದಕ್ಕೆ ಎಳೆಯಬೇಕು, ಆದ್ದರಿಂದ ಜೋಡಿ ನಿಧಾನವಾಗಿ ಬೀಳಬೇಕು. ಆದರೆ ಎರಡೂ ಸೇರಿ ಭಾರ ಹೆಚ್ಚಾಯಿತಲ್ಲ, ಆದ್ದರಿಂದ ಇನ್ನೂ ಬೇಗ ಬೀಳಬೇಕು. ಒಂದೇ ಮಾತಿನಿಂದ ಎರಡು ವಿರುದ್ಧ ಉತ್ತರ ಬಂದರೆ ಆ ಮಾತೇ ತಪ್ಪು. ಇದಕ್ಕೆ ಯಾವ ಪ್ರಯೋಗಾಲಯವೂ ಬೇಡ, ಅನುದಾನವೂ ಬೇಡ.

ಪಡುವಾದ ಹದಿನೆಂಟು ವರ್ಷ

1591ರಲ್ಲಿ ತಂದೆ ತೀರಿಕೊಂಡರು. ಸಂಸಾರದ ನೊಗ ಹಿರಿಯ ಮಗನ ಹೆಗಲಿಗೆ ಬಿತ್ತು. ತಂಗಿಯರ ವರದಕ್ಷಿಣೆ ಬಾಕಿ. ಊರಿಗೆ ಕಾಲಿಟ್ಟರೆ ಸಾಲಕ್ಕಾಗಿ ಹಿಡಿಸುತ್ತೇನೆಂದು ಭಾವನೇ ಬೆದರಿಸುತ್ತಿದ್ದ. ತಮ್ಮನೂ ಸಂಗೀತಗಾರ. ತನ್ನ ಪಾಲಿನ ಹಣ ಕೊಡುತ್ತೇನೆಂದವನು ಕೊಡಲಿಲ್ಲ. 1592ರಲ್ಲಿ ವೆನಿಸ್ ಗಣರಾಜ್ಯಕ್ಕೆ ಸೇರಿದ ಪಡುವಾ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಸಂಬಳ 180 ಫ್ಲಾರಿನ್. ಅದೂ ಸಾಲದೆ ಮನೆಯಲ್ಲೇ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಊಟ ಹಾಕಿ ಪಾಠ ಹೇಳಿದ. ಲೆಕ್ಕಾಚಾರಕ್ಕೆ ಬೇಕಾದ ಒಂದು ಬಗೆಯ ಕೈವಾರವನ್ನು ಮಾಡಿಸಿ ಮಾರಿದ. ಮರೀನಾ ಗಾಂಬಾ ಎಂಬಾಕೆಯಿಂದ ಇಬ್ಬರು ಹೆಣ್ಣುಮಕ್ಕಳೂ ಒಬ್ಬ ಮಗನೂ ಹುಟ್ಟಿದರು. ಆಕೆಯನ್ನು ಅವನು ಮದುವೆಯಾಗಲಿಲ್ಲ. ಮದುವೆಯ ಹೊರಗೆ ಹುಟ್ಟಿದವರೆಂಬ ಕಾರಣಕ್ಕೆ ಹೆಣ್ಣುಮಕ್ಕಳಿಬ್ಬರೂ ಮುಂದೆ ಸನ್ಯಾಸಿನಿಯರ ಮಠ ಸೇರಬೇಕಾಯಿತು. ದೊಡ್ಡವರ ಬಾಳಿನಲ್ಲಿಯೂ ಇಂಥ ಮಾತುಗಳಿರುತ್ತವೆ. ಮುಚ್ಚಿಟ್ಟು ಬರೆದರೆ ಅದು ಜೀವನಚರಿತ್ರೆ ಆಗುವುದಿಲ್ಲ.

ಇಷ್ಟೆಲ್ಲದರ ನಡುವೆಯೇ ಚಲನೆಯ ಕೆಲಸ ನಡೆದದ್ದು. 18 ವರ್ಷದ ಆ ಪಡುವಾ ವಾಸವೇ ತನ್ನ ಬದುಕಿನ ಅತ್ಯಂತ ಸುಖದ ಕಾಲವೆಂದು ಮುಂದೆ ಅವನು ನೆನೆದುಕೊಂಡಿದ್ದಾನೆ.

ಹಲಗೆ, ಗುಂಡು, ನೀರಿನ ಗಡಿಯಾರ

ಬೀಳುವ ಕಲ್ಲನ್ನು ಅಳೆಯುವುದು ಕಷ್ಟ. ಕಣ್ಣು ರೆಪ್ಪೆ ಮಿಟುಕಿಸುವುದರೊಳಗೆ ಅದು ನೆಲದಲ್ಲಿರುತ್ತದೆ. ಅವನ ಕಾಲದಲ್ಲಿ ಸೆಕೆಂಡನ್ನು ನಿಖರವಾಗಿ ತೋರಿಸುವ ಗಡಿಯಾರ ಇರಲಿಲ್ಲ. ಲೋಲಕದ ಗಡಿಯಾರ ಬಂದದ್ದೇ 1656ರಲ್ಲಿ, ಹ್ಯೂಗೆನ್ಸನಿಂದ. ಗೆಲಿಲಿಯೋ ಕಂಡುಕೊಂಡ ಉಪಾಯ ಎಷ್ಟು ಸರಳವೆಂದರೆ ನಮ್ಮ ತೋಟದಲ್ಲಿ ಅದು ದಿನವೂ ನಡೆಯುತ್ತದೆ. ಕೊನೆ ಕೊಯ್ಲಿನಲ್ಲಿ ಮರದ ಮೇಲಿನ ಕೊನೆಗಾರ ಅಡಿಕೆ ಕೊನೆಯನ್ನು ಕೆಳಗೆ ಎಸೆಯದೆ ಓರೆಯಾಗಿ ಹಿಡಿದ ಹಗ್ಗದ ಮೇಲೆ ಜಾರಿಬಿಡುತ್ತಾನಲ್ಲ, ಅದೇ ಉಪಾಯ. ನೇರ ಬಿದ್ದರೆ ಬರುವ ರಭಸ ಓರೆಯಲ್ಲಿ ತಗ್ಗುತ್ತದೆ. ಓರೆ ಕಡಿಮೆ ಮಾಡಿದಷ್ಟೂ ವೇಗೋತ್ಕರ್ಷ ಕಡಿಮೆ. ಚಲನೆಯ ರೀತಿ ಮಾತ್ರ ಬದಲಾಗುವುದಿಲ್ಲ.

ಅವನು ಬಳಸಿದ ಸಲಕರಣೆಯನ್ನು ತನ್ನ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾನೆ. ಅವನ ನಾಡಿನ ಅಳತೆಯಲ್ಲಿ 12 ಮೊಳ ಉದ್ದದ, ಎಂದರೆ ಸುಮಾರು 7 ಮೀಟರಿನ ಮರದ ತೊಲೆ. ಅದರ ಅಂಚಿನಲ್ಲಿ ಬೆರಳಗಲಕ್ಕಿಂತ ಸ್ವಲ್ಪ ಹೆಚ್ಚಿನ ನೇರವಾದ ಗಾಡಿ. ಗಾಡಿಯೊಳಗೆ ನಯ ಮಾಡಿದ ಚರ್ಮಕಾಗದ. ಉರುಳಿಸಲು ಗಟ್ಟಿಯಾದ, ನುಣುಪಾದ ಕಂಚಿನ ಗುಂಡು. ತೊಲೆಯ ಒಂದು ತುದಿಯನ್ನು ಒಂದೆರಡು ಮೊಳ ಎತ್ತಿ ಗುಂಡನ್ನು ಬಿಡುವುದು. ಕಾಲ ಅಳೆಯಲು ದೊಡ್ಡ ನೀರಿನ ಪಾತ್ರೆ, ಅದರ ತಳದಲ್ಲಿ ಸಣ್ಣ ಕೊಳವೆ. ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ಲೋಟದಲ್ಲಿ ಹಿಡಿದು ತಕ್ಕಡಿಯಲ್ಲಿ ತೂಗಿದರೆ ನೀರಿನ ತೂಕವೇ ಕಾಲದ ಅಳತೆ. ಮುಹೂರ್ತಕ್ಕೆ ನಮ್ಮ ಹಿರಿಯರು ಬಳಸುತ್ತಿದ್ದ ಗಳಿಗೆ ಬಟ್ಟಲನ್ನು ಕಂಡವರಿಗೆ ಇದು ಹೊಸದೆನ್ನಿಸದು. ಅಲ್ಲಿ ನೀರು ಒಳಗೆ ಬರುತ್ತದೆ, ಇಲ್ಲಿ ಹೊರಗೆ ಹೋಗುತ್ತದೆ, ಅಷ್ಟೇ. ನೂರು ಸಲ ಮಾಡಿದರೂ ದೂರ ಕಾಲದ ವರ್ಗದಂತೆಯೇ ಬಂತು ಎಂದು ಅವನು ದಾಖಲಿಸಿದ್ದಾನೆ. ಪೂರ್ತಿ ಉದ್ದಕ್ಕೆ ಬೇಕಾದ ಕಾಲದ ಅರ್ಧದಲ್ಲಿ ಗುಂಡು ಉರುಳಿದ್ದು ಕಾಲುಭಾಗ ಮಾತ್ರ.

ಇಷ್ಟು ಒರಟು ಸಲಕರಣೆಯಿಂದ ಇಷ್ಟು ನಿಖರ ಉತ್ತರ ಬರಲು ಸಾಧ್ಯವೇ ಎಂದು 20ನೆಯ ಶತಮಾನದಲ್ಲಿ ಅಲೆಕ್ಸಾಂಡರ್ ಕೊಯ್ರೆ ಎಂಬ ಇತಿಹಾಸಕಾರ ಅನುಮಾನಪಟ್ಟ. 1961ರಲ್ಲಿ ಥಾಮಸ್ ಸೆಟ್ಲ್ ಎಂಬ ಸಂಶೋಧಕ ಅದೇ ಬಗೆಯ ಹಲಗೆ, ಗುಂಡು, ನೀರು ಇಟ್ಟುಕೊಂಡು ಮಾಡಿ ನೋಡಿದ. ಉತ್ತರ ಸರಿಯಾಗಿಯೇ ಬಂತು. ಆಮೇಲೆ ಸ್ಟಿಲ್‌ಮನ್ ಡ್ರೇಕ್ ಎಂಬ ವಿದ್ವಾಂಸ ಗೆಲಿಲಿಯೋನ ಹಳೆಯ ಟಿಪ್ಪಣಿ ಹಾಳೆಗಳನ್ನು ತೆರೆದು ಕುಳಿತ. ಒಂದು ಹಾಳೆಯಲ್ಲಿ ಎಂಟು ಸಂಖ್ಯೆಗಳು ಸಾಲಾಗಿ ಇದ್ದವು: 33, 130, 298, 526, 824, 1192, 1620, 2104. ಸಮಾನ ಕಾಲದಲ್ಲಿ ಗುಂಡು ಮುಟ್ಟಿದ ದೂರಗಳು ಇವು ಎಂದು ಡ್ರೇಕ್ ಗುರುತಿಸಿದ. ಅಳತೆಯ ಮಾನ ಮಿಲಿಮೀಟರಿಗಿಂತ ತುಸು ಚಿಕ್ಕದು. ನಮ್ಮ ಮಕ್ಕಳು ಪೆನ್ಸಿಲ್ ಹಿಡಿದು ನೋಡಬಹುದು. 33ನ್ನು 4ರಿಂದ ಗುಣಿಸಿದರೆ 132. ಅವನಿಗೆ ಬಂದದ್ದು 130. 9ರಿಂದ ಗುಣಿಸಿದರೆ 297. ಬಂದದ್ದು 298. 64ರಿಂದ ಗುಣಿಸಿದರೆ 2112. ಬಂದದ್ದು 2104. ಎರಡು ಮೀಟರಿನಲ್ಲಿ ಎಂಟು ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ!

ಸಮಾನ ಕಾಲವನ್ನು ಅವನು ಹೇಗೆ ಗುರುತಿಸಿದ? ಡ್ರೇಕ್ ಊಹಿಸಿದ್ದು ಸಂಗೀತದಿಂದ ಎಂದು. ಹಾದಿಯಲ್ಲಿ ಅಡ್ಡಲಾಗಿ ತಂತಿಗಳನ್ನು ಕಟ್ಟಿ, ಗುಂಡು ದಾಟುವಾಗ ಆಗುವ ಸದ್ದು ಹಾಡಿನ ತಾಳಕ್ಕೆ ಕೂಡುವ ಹಾಗೆ ತಂತಿಗಳನ್ನು ಸರಿಸಿರಬೇಕು. ಊಹೆಯೇ ಇರಬಹುದು. ಆದರೆ ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ಇದು ನಂಬಲಾಗದ ಮಾತಲ್ಲ. ಭಾಗವತರ ತಾಳ ಒಂದು ಕೂದಲೆಳೆ ತಪ್ಪಿದರೂ ಚೌಕಿಯ ಹಿಂದೆ ಕೂತ ಅಜ್ಜನಿಗೂ ತಿಳಿಯುತ್ತದೆ. ಸಂಗೀತಗಾರನ ಮಗನಿಗೆ ತಿಳಿಯದೆ ಇದ್ದೀತೆ?

ಗುರುವೂ ಎಡವಿದ ಜಾಗ

ಮಕ್ಕಳಿಗೆ ನಾನು ತಪ್ಪದೆ ಹೇಳುತ್ತಿದ್ದ ಸಂಗತಿ ಇದು. 1604ರಲ್ಲಿ ಗೆಲಿಲಿಯೋ ತನ್ನ ಸ್ನೇಹಿತ ಪಾವೊಲೋ ಸಾರ್ಪಿಗೆ ಪತ್ರ ಬರೆದು ಬೆಸ ಸಂಖ್ಯೆಗಳ ನಿಯಮವನ್ನು ತಿಳಿಸಿದ. ನಿಯಮ ಸರಿ. ಅದಕ್ಕೆ ಕೊಟ್ಟ ಕಾರಣ ತಪ್ಪು! ಬೀಳುವ ವಸ್ತುವಿನ ವೇಗ, ಅದು ಬಿದ್ದ ದೂರಕ್ಕೆ ತಕ್ಕಂತೆ ಏರುತ್ತದೆ ಎಂದು ಅವನು ಆಗ ತಿಳಿದಿದ್ದ. ಕೇಳಲು ಎಷ್ಟು ಸಹಜವಾಗಿದೆ ನೋಡಿ. ತರಗತಿಯಲ್ಲಿ ಕೇಳಿದಾಗ ಮುಕ್ಕಾಲು ಪಾಲು ಮಕ್ಕಳೂ ಇದನ್ನೇ ಹೇಳುತ್ತಾರೆ. ಆದರೆ ಸ್ವಲ್ಪ ಯೋಚಿಸಿ. ಕಲ್ಲು ಕೈಯಲ್ಲಿರುವಾಗ ಬಿದ್ದ ದೂರ ಸೊನ್ನೆ. ದೂರ ಸೊನ್ನೆಯಾದರೆ ವೇಗವೂ ಸೊನ್ನೆ. ವೇಗ ಸೊನ್ನೆಯಾದರೆ ದೂರ ಬೆಳೆಯುವುದೇ ಇಲ್ಲ. ಹಾಗಾದರೆ ಕಲ್ಲು ಕೈಬಿಟ್ಟು ಹೊರಡುವುದೇ ಇಲ್ಲ. ವೇಗ ಏರುವುದು ದೂರಕ್ಕೆ ತಕ್ಕಂತೆ ಅಲ್ಲ, ಕಾಲಕ್ಕೆ ತಕ್ಕಂತೆ. ಗೆಲಿಲಿಯೋಗೆ ಇದು ಸ್ಪಷ್ಟವಾಗಲು ಮತ್ತೂ ಕೆಲವು ವರ್ಷ ಹಿಡಿಯಿತು. ಆ ಮಹಾನುಭಾವನಿಗೆ ವರ್ಷಗಳು ಬೇಕಾದದ್ದು ನಮ್ಮ ಹುಡುಗಿಗೆ 45 ನಿಮಿಷದ ಒಂದು ಪಿರಿಯಡ್ಡಿನಲ್ಲಿ ತಲೆಗೆ ಹೋಗಲಿಲ್ಲ ಎಂದರೆ ಅವಳು ದಡ್ಡಿಯಲ್ಲ.

ಅವನು ನಮ್ಮ ಹಾಗೆ ವಿ, ಯು, ಎ, ಟಿ ಎಂದು ಬರೆದವನೂ ಅಲ್ಲ. ಅನುಪಾತ ಮತ್ತು ರೇಖಾಚಿತ್ರಗಳಲ್ಲೇ ಎಲ್ಲವನ್ನೂ ಸಾಧಿಸಿದ. ಅಕ್ಷರಗಳ ಸಮೀಕರಣ ಅವನ ನಂತರ ಬಂದದ್ದು. ಸರಾಸರಿ ವೇಗದ ನಿಯಮ ಅವನಿಗಿಂತ 200 ವರ್ಷ ಹಿಂದೆಯೇ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನವರಿಗೆ ಗೊತ್ತಿತ್ತು. ಅವರು ಅದನ್ನು ಕಾಗದದ ಮೇಲೆ ಬಿಡಿಸಿದರು, ಗೆಲಿಲಿಯೋ ಉರುಳುವ ಗುಂಡಿನಲ್ಲಿ ತೋರಿಸಿದ. ಕಲ್ಲು ನಿಜವಾಗಿ ಎಷ್ಟು ಬೇಗ ಬೀಳುತ್ತದೆ ಎಂಬ ಅಂಕಿ ಮಾತ್ರ ಅವನಿಗೆ ಕೊನೆಯವರೆಗೂ ಸರಿಯಾಗಿ ಸಿಗಲಿಲ್ಲ. 5 ಸೆಕೆಂಡಿಗೆ ಅವನ 100 ಮೊಳ ಎಂದು ಬರೆದ. ಅದು 58 ಮೀಟರಿನಷ್ಟು. ನಿಜಕ್ಕೆ 122 ಮೀಟರ್ ಬರಬೇಕು. ನಿಯಮ ಸರಿಯಾಗಿದ್ದರೆ ಅಂಕಿಯನ್ನು ಮುಂದಿನವರು ತಿದ್ದಿಕೊಳ್ಳುತ್ತಾರೆ. ಹಾಗೆಯೇ ತಿದ್ದಿಕೊಂಡರು.

ದೂರದರ್ಶಕ ಮತ್ತು ವಿಚಾರಣೆ

ಮುಂದಿನ ಕಥೆ ಎಲ್ಲ ಪುಸ್ತಕಗಳಲ್ಲೂ ಇರುವುದರಿಂದ ಬೇಗ ಹೇಳಿಬಿಡುತ್ತೇನೆ. 1609ರಲ್ಲಿ ದೂರದರ್ಶಕದ ಸುದ್ದಿ ಕೇಳಿ ತಾನೇ ಒಂದನ್ನು ಮಾಡಿ ಆಕಾಶಕ್ಕೆ ತಿರುಗಿಸಿದ. ಚಂದ್ರನಲ್ಲಿ ಬೆಟ್ಟ ಕಣಿವೆಗಳು ಕಂಡವು. 1610ರ ಜನವರಿಯಲ್ಲಿ ಗುರುಗ್ರಹವನ್ನು ಸುತ್ತುವ ನಾಲ್ಕು ಚಂದ್ರರು ಕಂಡರು. ಕೀರ್ತಿ ಯೂರೋಪಿಗೆಲ್ಲ ಹಬ್ಬಿತು. ಫ್ಲಾರೆನ್ಸಿನ ಅರಸರ ಆಸ್ಥಾನಕ್ಕೆ ಹೋದ. ಶುಕ್ರನಿಗೂ ಚಂದ್ರನಂತೆ ಕಲೆಗಳಿರುವುದನ್ನು ಕಂಡ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ಕೊಪರ್ನಿಕಸನ ಮಾತು ಅವನಿಗೆ ನಿಶ್ಚಯವಾಯಿತು. 1616ರಲ್ಲಿ ಆ ಮತವನ್ನು ಪ್ರತಿಪಾದಿಸಬಾರದೆಂದು ಚರ್ಚಿನ ಎಚ್ಚರಿಕೆ ಬಂತು. 1632ರಲ್ಲಿ ಅದೇ ವಿಷಯದ ಮೇಲೆ ಮೂವರ ಸಂವಾದದ ರೂಪದಲ್ಲಿ ಪುಸ್ತಕ ತಂದ. ಪಂಡಿತರ ಲ್ಯಾಟಿನ್ನಿನಲ್ಲಿ ಅಲ್ಲ, ಸಂತೆಯ ಜನ ಆಡುವ ಇಟಾಲಿಯನ್ನಿನಲ್ಲಿ. ಕನ್ನಡ ಮಾಧ್ಯಮದ ಶಾಲೆಯವರಾದ ನಾವು ಇದನ್ನು ಗಮನಿಸಬೇಕು. ತಾಯ್ನುಡಿಯಲ್ಲಿ ವಿಜ್ಞಾನ ಹೇಳುವುದು ಕೀಳಾದ ಕೆಲಸವೆಂದು ಅವನು ಎಣಿಸಲಿಲ್ಲ.

1633ರಲ್ಲಿ ರೋಮಿಗೆ ಕರೆಸಿ ವಿಚಾರಣೆ ನಡೆಸಿದರು. ಜೂನ್ 22ರಂದು, 69 ವರ್ಷದ ಮುದುಕ ಮಂಡಿಯೂರಿ ತನ್ನ ಮತವನ್ನು ತಾನೇ ನಿರಾಕರಿಸಬೇಕಾಯಿತು. ಸೆರೆಮನೆ ತಪ್ಪಿತು, ಗೃಹಬಂಧನ ತಪ್ಪಲಿಲ್ಲ. ಆ ಹೊತ್ತಿಗೆ ಅವನು ಮಣಿದದ್ದು ಸರಿಯೇ ತಪ್ಪೇ ಎಂದು ಜನ ಇಂದಿಗೂ ವಾದಿಸುತ್ತಾರೆ. ನನಗೆ ಮುಖ್ಯವೆನ್ನಿಸುವುದು ಅದರ ನಂತರ ಅವನು ಏನು ಮಾಡಿದ ಎಂಬುದು.

ಆರ್ಚೆತ್ರಿಯ ಮನೆ

ಫ್ಲಾರೆನ್ಸಿನ ಹೊರಗೆ ಆರ್ಚೆತ್ರಿ ಎಂಬ ಗುಡ್ಡದ ಮೇಲಿನ ಮನೆಯಲ್ಲಿ ಅವನನ್ನು ಇರಿಸಿದರು. ಸಮೀಪದ ಮಠದಲ್ಲೇ ಹಿರಿಯ ಮಗಳು ಮರಿಯಾ ಚೆಲೆಸ್ತೆ ಇದ್ದಳು. ತಂದೆಯ ಅಂಗಿಯ ಹೊಲಿಗೆಯಿಂದ ಔಷಧಿಯವರೆಗೆ ನೋಡಿಕೊಳ್ಳುತ್ತಿದ್ದವಳು ಅವಳು. ಶಿಕ್ಷೆಯ ಭಾಗವಾಗಿ ವಾರಕ್ಕೊಮ್ಮೆ ತಂದೆ ಓದಬೇಕಿದ್ದ ಪ್ರಾರ್ಥನೆಗಳನ್ನು ತಾನೇ ಓದುವೆನೆಂದು ವಹಿಸಿಕೊಂಡಳು. ಅವಳು ತಂದೆಗೆ ಬರೆದ 124 ಪತ್ರಗಳು ಉಳಿದಿವೆ. ತಂದೆ ಮನೆಗೆ ಮರಳಿದ ಕೆಲವೇ ತಿಂಗಳಲ್ಲಿ, 1634ರ ಏಪ್ರಿಲ್ 2ರಂದು, 33ರ ವಯಸ್ಸಿನಲ್ಲಿ ಅವಳು ತೀರಿಕೊಂಡಳು.

ಮಾನ ಹೋಯಿತು, ಮಗಳು ಹೋದಳು. ಯಾವ ಪುಸ್ತಕವನ್ನೂ ಅಚ್ಚು ಮಾಡಬಾರದೆಂಬ ನಿರ್ಬಂಧ. ಅಂಥ ಹೊತ್ತಿನಲ್ಲಿ ಆ ಮುದುಕ 30 ವರ್ಷ ಹಿಂದಿನ ಪಡುವಾದ ಟಿಪ್ಪಣಿಗಳನ್ನು ಮತ್ತೆ ಬಿಚ್ಚಿದ. ಹಲಗೆ, ಕಂಚಿನ ಗುಂಡು, ನೀರಿನ ಲೋಟ, ಬೆಸ ಸಂಖ್ಯೆಗಳು ಎಲ್ಲವನ್ನೂ ಕೂಡಿಸಿ ಎರಡು ಹೊಸ ವಿಜ್ಞಾನಗಳ ಪುಸ್ತಕ ಬರೆದ. ನಾಲ್ಕು ದಿನಗಳ ಮಾತುಕತೆಯ ರೂಪ. ಅದರ ಮೂರನೆಯ ದಿನವೇ ನಮ್ಮ ಏಕರೂಪ ವೇಗೋತ್ಕರ್ಷದ ಪಾಠ. ಸಮಾನ ಕಾಲಗಳಲ್ಲಿ ವೇಗದ ಸಮಾನ ಏರಿಕೆ ಎಂಬ ವ್ಯಾಖ್ಯೆ ಇರುವುದು ಅಲ್ಲಿಯೇ. ಹಸ್ತಪ್ರತಿ ಇಟಲಿಯ ಹೊರಗೆ ಹೋಗಿ 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಎಲ್ಸೆವಿರ್ ಅಚ್ಚುಕೂಟದಲ್ಲಿ ಮುದ್ರಣವಾಯಿತು. ಪ್ರತಿ ಕೈಗೆ ಬರುವ ಹೊತ್ತಿಗೆ ಎರಡೂ ಕಣ್ಣು ಹೋಗಿದ್ದವು. ಗುರುಗ್ರಹದ ಚಂದ್ರರನ್ನು ಮೊದಲು ಕಂಡ ಕಣ್ಣುಗಳಿಗೆ ತನ್ನ ಪುಸ್ತಕದ ಹಾಳೆ ಕಾಣಲಿಲ್ಲ.

1639ರಲ್ಲಿ ವಿವಿಯಾನಿ ಎಂಬ 17 ವರ್ಷದ ಹುಡುಗ ಶಿಷ್ಯನಾಗಿ ಬಂದ. 1641ರಲ್ಲಿ ಟೊರಿಚೆಲ್ಲಿ ಬಂದ. ವಾಯುಭಾರಮಾಪಕದ ಪಾಠದಲ್ಲಿ ಬರುವ ಟೊರಿಚೆಲ್ಲಿಯೇ ಇವನು. ಕಣ್ಣಿಲ್ಲದ ಗುರು ಹೇಳುತ್ತಿದ್ದ, ಶಿಷ್ಯರು ಬರೆದುಕೊಳ್ಳುತ್ತಿದ್ದರು. 1642ರ ಜನವರಿ 8ರಂದು ಗೆಲಿಲಿಯೋ ತೀರಿಕೊಂಡ. ಇಂಗ್ಲೆಂಡಿನ ಹಳೆಯ ಪಂಚಾಂಗದಂತೆ ಅದೇ 1642ರ ಕ್ರಿಸ್‌ಮಸ್ ದಿನ ಐಸಾಕ್ ನ್ಯೂಟನ್ ಹುಟ್ಟಿದ. ಗೆಲಿಲಿಯೋ ವೇಗೋತ್ಕರ್ಷ ಎಷ್ಟೆಂದು ಹೇಳಿದ್ದ. ಅದು ಏಕೆ ಉಂಟಾಗುತ್ತದೆ ಎಂಬ ಪ್ರಶ್ನೆಗೆ ಬಲದ ನಿಯಮಗಳಿಂದ ಉತ್ತರ ಕೊಟ್ಟವನು ನ್ಯೂಟನ್.

ಗೌರವದ ಸಮಾಧಿಗೂ ಅನುಮತಿ ಸಿಗದೆ ಅವನ ದೇಹವನ್ನು ಸಾಂತಾ ಕ್ರೋಚೆ ಚರ್ಚಿನ ಒಂದು ಸಣ್ಣ ಕೋಣೆಯಲ್ಲಿ ಇರಿಸಿದ್ದರು. ಶಿಷ್ಯ ವಿವಿಯಾನಿ ಬಾಳಿನುದ್ದಕ್ಕೂ ಗುರುವಿಗೊಂದು ಸಮಾಧಿಗಾಗಿ ಹೆಣಗಿ, ಅದಕ್ಕೆಂದೇ ಆಸ್ತಿ ಬರೆದಿಟ್ಟು 1703ರಲ್ಲಿ ಸತ್ತ. ಅದು ಕೈಗೂಡಿದ್ದು 1737ರಲ್ಲಿ. ಹಳೆಯ ಜಾಗ ತೆರೆದಾಗ ಅಲ್ಲಿ ಒಬ್ಬ ಹೆಂಗಸಿನ ಅವಶೇಷವೂ ಇತ್ತು. ಅದು ಮರಿಯಾ ಚೆಲೆಸ್ತೆಯದೇ ಎಂದು ನಂಬಲಾಗಿದೆ. ಈಗ ದೊಡ್ಡ ಸಮಾಧಿಯಲ್ಲಿ ಗುರು, ಶಿಷ್ಯ, ಮಗಳು ಮೂವರೂ ಒಟ್ಟಿಗಿದ್ದಾರೆ. 1971ರಲ್ಲಿ ಅಪೋಲೋ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ನೆಲದಲ್ಲಿ ಸುತ್ತಿಗೆಯನ್ನೂ ಹಕ್ಕಿಯ ಗರಿಯನ್ನೂ ಒಟ್ಟಿಗೆ ಬಿಟ್ಟ. ಎರಡೂ ಒಂದೇ ಕ್ಷಣಕ್ಕೆ ನೆಲ ಮುಟ್ಟಿದವು. 1992ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಅಂದಿನ ವಿಚಾರಣೆಯವರು ತಪ್ಪಿದ್ದರೆಂದು ಒಪ್ಪಿಕೊಂಡರು.

ನಮ್ಮೂರಿನ ಲೆಕ್ಕ

ಈ ಲೆಕ್ಕದಿಂದ ನಮಗೇನು ಎಂದು ಊರ ಹಿರಿಯರು ಕೇಳಬಹುದು. ಎರಡು ಉದಾಹರಣೆ ಕೊಡುತ್ತೇನೆ.

64 ಅಡಿ ಎತ್ತರದ ಅಡಿಕೆ ಮರದ ತುದಿಯಿಂದ ಒಂದು ಕೊನೆ ಕೈತಪ್ಪಿ ಬಿತ್ತೆನ್ನಿ. ಅದು ಸುಮಾರು 19.6 ಮೀಟರ್. ಭೂಮಿಯ ಸೆಳೆತಕ್ಕೆ ವೇಗ ಸೆಕೆಂಡಿಗೆ 9.8 ಮೀಟರಿನಂತೆ ಏರುತ್ತದೆ. ಮೊದಲ ಸೆಕೆಂಡಿನಲ್ಲಿ 4.9 ಮೀಟರ್, ಎರಡನೆಯದರಲ್ಲಿ 14.7 ಮೀಟರ್. ಮತ್ತೆ ಒಂದಕ್ಕೆ ಮೂರು. ಎರಡೇ ಸೆಕೆಂಡಿಗೆ ನೆಲದಲ್ಲಿರುತ್ತದೆ, ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ. ಕೆಳಗೆ ನಿಂತವನಿಗೆ ಕೂಗು ಕೇಳಿ ಸರಿದುಕೊಳ್ಳಲು ಸಮಯ ಸಾಲದು. ಮರದ ಬುಡದಲ್ಲಿ ಮಕ್ಕಳನ್ನು ನಿಲ್ಲಿಸಬಾರದು ಎಂದು ಹಿರಿಯರು ಗದರುವುದಕ್ಕೆ ಇದೇ ಲೆಕ್ಕ.

ಎರಡನೆಯದು ಬೈಕಿನದು. ಬ್ರೇಕ್ ಹಾಕಿದಾಗ ವೇಗ ಸೆಕೆಂಡಿಗೆ 5 ಮೀಟರಿನಂತೆ ಇಳಿಯುತ್ತದೆ ಎಂದುಕೊಳ್ಳಿ. ಗಂಟೆಗೆ 36 ಕಿಲೋಮೀಟರಿನಲ್ಲಿ ಹೋಗುವ ಬೈಕು 10 ಮೀಟರಿನಲ್ಲಿ ನಿಲ್ಲುತ್ತದೆ. 72ರಲ್ಲಿ ಹೋಗುವುದು? 20 ಅಲ್ಲ, 40 ಮೀಟರ್. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟು. ಮಳೆಗಾಲದಲ್ಲಿ ರಸ್ತೆ ಪಾಚಿಗಟ್ಟಿ ಹಿಡಿತ ಅರ್ಧವಾದರೆ ಆ 40 ಎಂಬುದು 80 ಆಗುತ್ತದೆ. ಎದುರಿನ ವಾಹನ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿದರೆ ಇನ್ನೂ 20. ಒಟ್ಟು 100 ಮೀಟರ್, ಎಂದರೆ ಕ್ರೀಡಾಕೂಟದ ಓಟದ ಪಂದ್ಯದಷ್ಟು ಉದ್ದ. ನಮ್ಮ ರಸ್ತೆಗಳ ಯಾವ ತಿರುವಿನಲ್ಲಿ ನೂರು ಮೀಟರ್ ಮುಂದೆ ಕಾಣುತ್ತದೆ ಹೇಳಿ? ಮೂರನೆಯ ಸಮೀಕರಣವನ್ನು ಬಾಯಿಪಾಠ ಮಾಡಿ ಪಾಸಾದ ಹುಡುಗರು ಅದನ್ನು ತಿರುವಿನಲ್ಲಿ ಮರೆತದ್ದನ್ನೂ, ಆ ಮನೆಗಳ ದುಃಖವನ್ನೂ ನಾನು ಕಂಡಿದ್ದೇನೆ. ಅಂಕಕ್ಕಿಂತ ಹೆಚ್ಚಿನದೊಂದು ಈ ಪಾಠದಲ್ಲಿದೆ ಎಂದು ನಾನು ಹೇಳುವುದು ಅದಕ್ಕೇ.

ಈಗ ಪಾಠ ಮಾಡುತ್ತಿರುವ ಕಿರಿಯ ಶಿಕ್ಷಕ ಬಂಧುಗಳಲ್ಲಿ ಒಂದು ಅರಿಕೆ. ಸೂತ್ರವನ್ನು ಬೋರ್ಡಿನ ಮೇಲೆ ಬರೆಯುವ ಮೊದಲು ಗೆಲಿಲಿಯೋನ ಪ್ರಯೋಗ ಮಾಡಿಸಿ. 12 ಅಡಿಯ ಒಂದು ಅಡಿಕೆ ದಬ್ಬೆ ಊರಲ್ಲಿ ಯಾರ ತೋಟದಲ್ಲಾದರೂ ಸಿಗುತ್ತದೆ. ಒಳಗನ್ನು ಚೆನ್ನಾಗಿ ಉಜ್ಜಿ ನಯ ಮಾಡಿ, ಒಂದು ತುದಿಯನ್ನು ಕೆಲವು ಇಂಚು ಎತ್ತಿಡಿ. ಒಬ್ಬಳು ಸಮನಾಗಿ ತಾಳ ಹಾಕಲಿ, ಒಬ್ಬ ಗೋಲಿ ಬಿಡಲಿ, ಉಳಿದವರು ಪ್ರತಿ ತಾಳಕ್ಕೆ ಗೋಲಿ ಇರುವಲ್ಲಿ ಸೀಮೆಸುಣ್ಣದ ಗುರುತು ಮಾಡಲಿ. ಮೊದಲ ತಾಳಕ್ಕೆ ಗೋಲಿ ಒಂದು ಗೇಣು ಹೋಗುವ ಹಾಗೆ ಎತ್ತರವನ್ನು ಸರಿಹೊಂದಿಸಿ. ಎರಡನೆಯ ತಾಳಕ್ಕೆ ಅದು ಮೂರು ಗೇಣು, ಮೂರನೆಯದಕ್ಕೆ ಐದು, ನಾಲ್ಕನೆಯದಕ್ಕೆ ಏಳು ಗೇಣು ಹೋಗುತ್ತದೆ. ಕೂಡಿದರೆ 16 ಗೇಣು, ಸರಿಯಾಗಿ 12 ಅಡಿ. ಒಂದೆರಡು ಬೆರಳು ಹೆಚ್ಚು ಕಡಿಮೆ ಬಂದರೆ ಬರಲಿ. ಮಕ್ಕಳು ತಾವೇ ಎಣಿಸಿ ಒಂದು, ಮೂರು, ಐದು, ಏಳು ಎಂದು ಕೂಗುವಾಗ ಅವರ ಮುಖ ನೋಡಿ. ಆಮೇಲೆ ಸೂತ್ರ ಬರೆಯಿರಿ. ಅದು ಮರೆಯುವುದಿಲ್ಲ.

ಐವತ್ತು ವರ್ಷ ಎಂದರೆ ಒಂದು ಸರ್ಕಾರಿ ಶಾಲೆಗೆ ಸಣ್ಣ ಮಾತಲ್ಲ. ಜಾರುವ ದಾರಿಯಲ್ಲಿ, ಸುರಿಯುವ ಮಳೆಯಲ್ಲಿ ನಡೆದು ಬಂದ ಮಕ್ಕಳು, ದೂರದ ಊರುಗಳಿಂದ ಬಂದು ಕಲಿಸಿದ ಶಿಕ್ಷಕರು, ಬೆನ್ನಿಗೆ ನಿಂತ ಊರವರು, ಎಲ್ಲರ ದುಡಿಮೆ ಇದರಲ್ಲಿದೆ. ಅಡಿಕೆ ದಬ್ಬೆ, ಗೋಲಿ, ಸೀಮೆಸುಣ್ಣ ನಮ್ಮಲ್ಲಿ ಯಾವತ್ತೂ ಇವೆ. ಕೇಳುವ ಧೈರ್ಯವನ್ನೂ ಅಳೆದು ನೋಡುವ ತಾಳ್ಮೆಯನ್ನೂ ನಮ್ಮ ಶಾಲೆ ಮುಂದಿನ ಐವತ್ತು ವರ್ಷವೂ ಮಕ್ಕಳಿಗೆ ಕೊಡುತ್ತಿರಲಿ ಎಂದು ಹಾರೈಸುತ್ತೇನೆ.